ಐವತ್ತು ಕೈ ಬಡಿಸುವ ಕಂಪೈಲರ್

ಪುಣೆಯ ಧನಕವಡಿಯಿಂದ ವಿದ್ಯಾರ್ಥಿಯೊಬ್ಬ ಪ್ರಶ್ನೆ ಕಳಿಸಿದ್ದಾನೆ. ಪಿಐಸಿಟಿ, ಭಾರತಿ ವಿದ್ಯಾಪೀಠ ಎಂದು ಎಂಜಿನಿಯರಿಂಗ್ ಕಾಲೇಜುಗಳಿರುವ ಆ ಬಡಾವಣೆಯಲ್ಲಿ ವಿಜಯಪುರ, ಸೊಲ್ಲಾಪುರ ಕಡೆಯ ಕನ್ನಡದ ಹುಡುಗರೂ ಸಿಗುತ್ತಾರೆ. ಅವನ ಮಾತಿನಲ್ಲೇ ಕೇಳಿ: “ಲ್ಯಾಬಿನ್ಯಾಗ ನಮ್ಮ ಕಡೆ ಎರಡು ಪಾಸಿನ ಅಸೆಂಬ್ಲರ್ ಬರಸ್ತಾರ್ರಿ. ಫಂಕ್ಷನಲ್ ಮಂದಿ ಐವತ್ತು ಪಾಸಿನ ಕಂಪೈಲರ್ ಬರೀತಾರಂತ. ಅದು ದಂಡ ಅಲ್ಲೇನ್ರಿ ಸರ?”

ಪಾಸ್ ಎಂದರೆ ಪ್ರೋಗ್ರಾಮನ್ನು ತಲೆಯಿಂದ ಬುಡದವರೆಗೆ ಒಮ್ಮೆ ಓದಿ ಮುಗಿಸುವುದು. ಅಸೆಂಬ್ಲರಿಗೆ ಎರಡು ಏಕೆ ಬೇಕೆಂಬುದು ಅವನಿಗೆ ಗೊತ್ತು: ಇನ್ನೂ ಕಾಣದ ಲೇಬಲ್‌ಗೆ ಜಿಗಿಯುವ ಆಜ್ಞೆ ಮೊದಲೇ ಬಂದಿರುತ್ತದೆ. ಒಂದು ಸುತ್ತಿನಲ್ಲಿ ವಿಳಾಸಗಳನ್ನು ಬರೆದಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ತುಂಬಬೇಕು.

ಪಾಸುಗಳನ್ನು ಪೇರಿಸುವುದು ಹೊಸ ಖಯಾಲಿಯೂ ಅಲ್ಲ. ಐಬಿಎಂ 1959ರಲ್ಲಿ ಪ್ರಕಟಿಸಿದ 1401 ಯಂತ್ರದ ಫೋರ್ಟ್ರಾನ್ ಕಂಪೈಲರಿಗೆ 63 ಹಂತಗಳಿದ್ದವು. ಕಾರಣ ಶುದ್ಧ ಬಡತನ. ಅದು ಓಡಬೇಕಿದ್ದ ಮೆಮೊರಿ 8000 ಅಕ್ಷರಗಳಷ್ಟು. ಇಡೀ ಕಂಪೈಲರ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಹಾಗಾಗಿ ಪ್ರೋಗ್ರಾಮನ್ನು ಮೆಮೊರಿಯಲ್ಲಿ ಕೂರಿಸಿ, ಕಂಪೈಲರಿನ ತುಂಡುಗಳನ್ನು ಒಂದೊಂದಾಗಿ ತಂದು ಅದರ ಮೇಲೆ ಹಾಯಿಸಿದರು.

ಮದುವೆಮನೆಯ ಪಂಕ್ತಿ ಹೀಗೇ ಅಲ್ಲವೇ? ಎಲೆ ಕದಲುವುದಿಲ್ಲ, ಬಡಿಸುವವರು ಹಾದುಹೋಗುತ್ತಾರೆ. ಉಪ್ಪಿನವನಿಗೆ ಉಪ್ಪು, ಕೋಸಂಬರಿಯವನಿಗೆ ಕೋಸಂಬರಿ. ಒಬ್ಬನ ಪಾತ್ರೆಯ ಚಿಂತೆ ಇನ್ನೊಬ್ಬನಿಗಿಲ್ಲ. ಪಲ್ಯದವನಿಗೆ ಸುಸ್ತಾದರೆ ಅವನ ತಮ್ಮ ಸೌಟು ಹಿಡಿದರಾಯಿತು, ಊಟ ನಿಲ್ಲುವುದಿಲ್ಲ. ಒಂದು ಕರಾರು ಮಾತ್ರ ಮೀರುವಂತಿಲ್ಲ: ಸಾರಿನವನು ಬರುವ ಹೊತ್ತಿಗೆ ಎಲೆಯ ಮೇಲೆ ಅನ್ನ ಇರಬೇಕು. ಇಲ್ಲವಾದರೆ ಸಾರು ಹರಿದು ಪಂಚೆಗೆ. ಕಂಪೈಲರಿನ ಹಂತಗಳ ನಡುವಿನ ಇಂಥ ಕರಾರನ್ನು ಹಿಂದೆ ಅದನ್ನು ಬರೆಯುವವರೇ ನೆನಪಿಟ್ಟುಕೊಳ್ಳಬೇಕಿತ್ತು.

ಹ್ಯಾಸ್ಕೆಲ್, ಓಕ್ಯಾಮಲ್‌ನಂಥ ಫಂಕ್ಷನಲ್ ಭಾಷೆಗಳು ಆ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಿದವು. ಅಲ್ಲಿ ಪ್ರತಿ ಹಂತವೂ ಒಂದು ಫಂಕ್ಷನ್. ಹಳೆಯ ಎಲೆಯನ್ನು ಕೆಡಿಸದೆ ಹೊಸ ಎಲೆಯನ್ನು ಕೊಡುತ್ತದೆ. ‘ಅನ್ನ ಬಿದ್ದ ಎಲೆ’ಗೆ ಬೇರೆಯೇ ಟೈಪ್ ಕೊಟ್ಟುಬಿಟ್ಟರೆ, ಸಾರಿನವನನ್ನು ಮೊದಲು ಕಳಿಸುವ ಪ್ರೋಗ್ರಾಮ್ ಕಂಪೈಲೇ ಆಗುವುದಿಲ್ಲ.

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ದೀಪಾನ್ವಿತಾ ಸರ್ಕಾರ್, ಆಸ್ಕರ್ ವಾಡೆಲ್ ಮತ್ತು ಕೆಂಟ್ ಡಿಬ್ವಿಗ್ ಈ ವಿಚಾರವನ್ನು ತುದಿ ಮುಟ್ಟಿಸಿ 2004ರಲ್ಲಿ ನ್ಯಾನೋಪಾಸ್ ಎಂದು ಹೆಸರಿಟ್ಟು ಮಂಡಿಸಿದರು. ಒಂದು ಪಾಸಿಗೆ ಒಂದೇ ಕೆಲಸ. ಎರಡು ಪಾಸುಗಳ ನಡುವಿನ ಭಾಷೆಗೆ ಬರೆದಿಟ್ಟ ವ್ಯಾಕರಣ. ಅವರ ಸ್ಕೀಮ್ ಭಾಷೆಯಲ್ಲಿ ಹ್ಯಾಸ್ಕೆಲ್‌ನಂಥ ಟೈಪ್ ತಪಾಸಣೆ ಇಲ್ಲ. ಆ ವ್ಯಾಕರಣವೇ ಕಾವಲು. ಆದರೆ ನ್ಯಾನೋಪಾಸ್ ಪಾಠ ಹೇಳಲು ಕಟ್ಟಿದ್ದು. ಮಾರಾಟದ ಕಂಪೈಲರಿಗೆ ಒಗ್ಗೀತೇ?

ಆಂಡ್ರ್ಯೂ ಕೀಪ್ ಮತ್ತು ಡಿಬ್ವಿಗ್ 2013ರಲ್ಲಿ ಉತ್ತರ ಕೊಟ್ಟರು. ಮಾರಾಟದಲ್ಲಿದ್ದ ಷೇ ಸ್ಕೀಮ್ ಕಂಪೈಲರಿನ ಹತ್ತು ಪಾಸುಗಳಲ್ಲಿ ಐದನ್ನು ಕಿತ್ತು 50ಕ್ಕೂ ಹೆಚ್ಚು ಪುಟ್ಟ ಪಾಸುಗಳನ್ನು ಕೂರಿಸಿದರು. ಕಂಪೈಲ್ ಮಾಡುವ ಸಮಯ ಸರಾಸರಿಯಲ್ಲಿ ಹಳೆಯದರ ದುಪ್ಪಟ್ಟನ್ನೂ ಮುಟ್ಟಲಿಲ್ಲ. ಹೊರಬಂದ ಕೋಡಿನ ವೇಗ ಸರಾಸರಿ ಶೇ. 15ರಿಂದ 27ರಷ್ಟು ಹೆಚ್ಚಿತು. ಪಾಸುಗಳು ಹೆಚ್ಚಿದ್ದಕ್ಕೇ ವೇಗ ಬಂತೆಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ರಿಜಿಸ್ಟರುಗಳನ್ನು ಹಂಚುವ ಹೆಚ್ಚು ಜಾಣ, ಆದರೆ ನಿಧಾನದ ವಿಧಾನ ಮತ್ತು ಇತರ ಕೆಲವು ಸುಧಾರಣೆಗಳಿಂದ ಬಂದದ್ದು ಅದು.

ನನ್ನ ಮಟ್ಟಿಗೆ ಬಿಡಿ ಹಂತಗಳ ದೊಡ್ಡ ಗೆಲುವು ಬೇರೆ ಕಡೆ ಇದೆ. ಫ್ರಾನ್ಸಿನ ಝೇವಿಯರ್ ಲೆರ್ವಾ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರನ್ನು ಬರೆದು, ಪ್ರತಿ ಹಂತವೂ ಪ್ರೋಗ್ರಾಮಿನ ಅರ್ಥ ಕೆಡಿಸುವುದಿಲ್ಲವೆಂದು ಬೇರೆಬೇರೆಯಾಗಿ ಸಾಧಿಸಿ, ಆ ಪುರಾವೆಗಳನ್ನು ಪೋಣಿಸಿದರು. ಒಂದೇ ಮುದ್ದೆಯಾಗಿದ್ದರೆ ಇದು ಕೈಗೆಟುಕುತ್ತಿರಲಿಲ್ಲ. 2011ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಿ-ಸ್ಮಿತ್ ಎಂಬ ಸಾಧನದಿಂದ ಯಾದೃಚ್ಛಿಕ ಪ್ರೋಗ್ರಾಮುಗಳನ್ನು ಹುಟ್ಟಿಸಿ ಜಿಸಿಸಿ, ಎಲ್‌ಎಲ್‌ವಿಎಂ ಮೊದಲಾದ ಕಂಪೈಲರುಗಳ ಬಾಯಿಗೆ ಹಾಕಿದರು. ಹೊಸದಾಗಿ ಸಿಕ್ಕ ದೋಷಗಳು 325ಕ್ಕೂ ಹೆಚ್ಚು. ಕಾಂಪ್‌ಸರ್ಟ್‌ನಲ್ಲೂ ಕೆಲವು ಸಿಕ್ಕವು, ಪುರಾವೆಯಿಲ್ಲದ ಭಾಗಗಳಲ್ಲಿ. ಪುರಾವೆಯಿದ್ದ ನಡುಭಾಗದಲ್ಲಿ ತಪ್ಪು ಕೋಡ್ ಹುಟ್ಟಿಸುವ ಒಂದೂ ಸಿಗಲಿಲ್ಲ.

ಹಾಗೆಂದು ಹಂತ ಬಿಡಿಸುವುದು ಫಂಕ್ಷನಲ್ ಭಾಷೆಗಳ ಖಾಸಗಿ ಆಸ್ತಿಯಲ್ಲ. ವಿಕ್ರಮ್ ಅಡ್ವೆ, ಕ್ರಿಸ್ ಲ್ಯಾಟ್ನರ್ ಇಲಿನಾಯ್‌ನಲ್ಲಿ ಶುರುಮಾಡಿದ ಎಲ್‌ಎಲ್‌ವಿಎಂ ಕೂಡ ಪಾಸುಗಳ ಸರಣಿಯೇ, ಬರೆದದ್ದು ಸಿ++ನಲ್ಲಿ.

ಷೇ ಸ್ಕೀಮನ್ನು ಸಿಸ್ಕೋ ಕಂಪನಿ 2016ರಲ್ಲಿ ಮುಕ್ತವಾಗಿಸಿತು. ಬಿಟ್ಟಿಯಾಗಿ ಸಿಗುತ್ತದೆ. ಇಳಿಸಿಕೊಂಡು ಸಿಪಿ-ನ್ಯಾನೋಪಾಸ್ ಎಂಬ ಫೈಲ್ ತೆರೆದು, ‘ಎನ್‌ಪಿ’ ಎಂದು ಆರಂಭವಾಗುವ ಪಾಸುಗಳಲ್ಲಿ ಚಿಕ್ಕದೊಂದನ್ನು ಓದಿ. ಗಾಬರಿಯಾಗಬೇಡಿ: ಇಷ್ಟೆಲ್ಲ ಬಿಡಿಬಿಡಿ ಎಂದವರು ಆ ಪಾಸುಗಳಲ್ಲಿ ಬಹುಪಾಲನ್ನು ಅದೊಂದೇ ದೈತ್ಯ ಫೈಲಿಗೆ ತುರುಕಿದ್ದಾರೆ.