ಲಗ್ನಪತ್ರಿಕೆ ನೋಡಿ ನಾಟಿ ಮಾಡಿ: ಛತ್ರದ ಚಪ್ಪರದಿಂದ ಮಡಿಲಕ್ಕಿವರೆಗೆ ನಿಮ್ಮ ಹೊಲದ ಪಾಲು

ಮಾಗಡಿ, ತಾವರೆಕೆರೆ ಕಡೆಯಿಂದ ಹೂವು ತುಂಬಿಕೊಂಡು ಕೆ.ಆರ್. ಮಾರ್ಕೆಟ್‌ಗೆ ಹೊರಡೋ ಟೆಂಪೋ ಮಾಗಡಿ ರಸ್ತೆ ಹಿಡಿದೇ ಬರಬೇಕು. ಎಡಕ್ಕೆ ಬಸವೇಶ್ವರನಗರ, ರಾಜಾಜಿನಗರ. ಬಲಕ್ಕೆ ವಿಜಯನಗರ. ಬಿಡದಿ, ರಾಮನಗರದ ಕಡೆಯವರಾದ್ರೆ ಕೆಂಗೇರಿ ದಾಟಿಕೊಂಡು ಬರ್ತಾರೆ. ದಾರಿಯ ಎರಡೂ ಬದಿ ಕಲ್ಯಾಣ ಮಂಟಪಗಳು. ನಿಮ್ಮ ಚೆಂಡು ಹೂವು ಅವುಗಳ ಬಾಗಿಲ ಮುಂದೆಯೇ ಹಾದು ಮಾರ್ಕೆಟ್ ಸೇರುತ್ತೆ, ಕಮಿಷನ್ ಕೊಟ್ಟು ಮಾರಾಟ ಆಗುತ್ತೆ. ಆಮೇಲೆ ಡೆಕೊರೇಟರ್ ಹುಡುಗರು ಅದನ್ನೇ ಆಟೋಗೆ ಹಾಕ್ಕೊಂಡು ಬಂದ ದಾರಿಯಲ್ಲೇ ವಾಪಸ್ ತಂದು ಅದೇ ಮಂಟಪದ ಕಂಬಕ್ಕೆ ಸುತ್ತುತ್ತಾರೆ. ಹೋಗಿ ಬರೋ ಆ ಸುತ್ತಿನಲ್ಲಿ ಹೂವಿನ ಬೆಲೆ ಎಷ್ಟು ಏರಿತು ಅಂತ ಬೆಳೆದವನಿಗೆ ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಬೆಲೆ ಬಿದ್ದ ದಿನ ಮಾತ್ರ, ಹೂವನ್ನ ತಿಪ್ಪೆಗೆ ಸುರಿಯೋವಾಗ.

ಈ ವಾರದ ಲೇಖನ ಆ ಸುತ್ತನ್ನ ಅರ್ಧಕ್ಕೆ ಕತ್ತರಿಸೋದು ಹೇಗೆ ಅನ್ನೋದರ ಬಗ್ಗೆ. ನಗರದ ಮದುವೆಗಳಲ್ಲಿ ಈಗ ಜನ ಕೇಳ್ತಿರೋದು ಹೊಸ ತರಹದ ಅಲಂಕಾರ, ನೆನಪಲ್ಲಿ ಉಳಿಯೋ ಬೀಳ್ಕೊಡುಗೆ. ಅದಕ್ಕೆ ಬೇಕಾದ ಅರ್ಧಕ್ಕರ್ಧ ಸಾಮಾನು ನಿಮ್ಮ ಹೊಲ, ತೋಟ, ಕಣದಲ್ಲಿದೆ. ಅದನ್ನ ಹೂವಿನ ಲೆಕ್ಕದಲ್ಲಿ ಮಾರಬೇಡಿ, ಮದುವೆಯ ಲೆಕ್ಕದಲ್ಲಿ ಮಾರಿ.

ಮೊದಲು ಎದುರಾಳಿ ಯಾರು ಅಂತ ತಿಳ್ಕೊಳ್ಳಿ. ಪಕ್ಕದೂರಿನ ಹೂವಿನ ರೈತ ಅಲ್ಲ, ಪ್ಲಾಸ್ಟಿಕ್ ಹೂವು. ಡೆಕೊರೇಟರ್‌ಗೆ ಅದು ಯಾಕೆ ಇಷ್ಟ ಅಂದ್ರೆ ಬಾಡೋದಿಲ್ಲ, ಇವತ್ತು ವಿಜಯನಗರದಲ್ಲಿ ಕಟ್ಟಿದ್ದನ್ನ ನಾಳಿದ್ದು ಕೆಂಗೇರಿಯಲ್ಲಿ ಕಟ್ಟಬಹುದು. ನಮ್ಮ ಕಡೆ ಮದುವೆ ಅಂದ್ರೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಮಧ್ಯಾಹ್ನ ಮೂರಕ್ಕೆ ಕಟ್ಟಿದ ನಿಜವಾದ ಹೂವು ಫೋಕಸ್ ಲೈಟಿನ ಬಿಸಿಗೆ ರಾತ್ರಿಯೇ ಸೊರಗುತ್ತೆ, ಧಾರೆ ಹೊತ್ತಿಗೆ ಮುಖ ಬಾಡಿರುತ್ತೆ. ಹಾಗಾಗಿ ಇಡೀ ಸ್ಟೇಜನ್ನ ನಿಜವಾದ ಹೂವಲ್ಲೇ ಮಾಡ್ತೀನಿ ಅಂತ ಹೊರಡಬೇಡಿ. ಪ್ಲಾಸ್ಟಿಕ್‌ಗೆ ಆಗದೇ ಇರೋ ಜಾಗ ಹಿಡೀರಿ: ಬಾಗಿಲು, ಧಾರೆ ಮಂಟಪ, ಹಾರ, ಹೆಣ್ಣಿನ ಜಡೆ. ಹತ್ತಿರ ಇರೋರಿಗೆ ಒಂದು ಲಾಭ ಉಂಟು. ನೀವು ಎರಡು ಸಲ ಕೊಡಬಹುದು, ಮಧ್ಯಾಹ್ನ ಒಂದು ಲೋಡು, ಬೆಳಗಿನ ಜಾವ ಧಾರೆ ಮಂಟಪಕ್ಕೆ ಹೊಸದು. ದೂರದಿಂದ ಹೂವು ತರಿಸೋರಿಗೆ ಇದು ಸುಲಭ ಅಲ್ಲ.

ಕಾನೂನೂ ಸ್ವಲ್ಪ ನಿಮ್ಮ ಕಡೆಗೇ ಇದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್, ಥರ್ಮಾಕೋಲ್ ನಿಷೇಧ ಮಾಡಿತ್ತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ ಚಮಚ, ಸಿಹಿ ಡಬ್ಬಿಗೂ ಆಹ್ವಾನ ಪತ್ರಿಕೆಗೂ ಸುತ್ತೋ ಪ್ಲಾಸ್ಟಿಕ್ ಹಾಳೆ ಎಲ್ಲಾ ಬಂದ್. ಪ್ಲಾಸ್ಟಿಕ್ ಹೂವು ಆ ಪಟ್ಟಿಯಲ್ಲಿಲ್ಲ ಅನ್ನೋದು ಬೇಸರದ ಮಾತು. ಆದ್ರೂ ವಧೂ-ವರರ ಹೆಸರನ್ನ ಥರ್ಮಾಕೋಲ್‌ನಲ್ಲಿ ಕೊರೆದು ಅಂಟಿಸೋ ಜಾಗಕ್ಕೆ ಈಗ ಬೇರೆ ಏನಾದ್ರೂ ಬೇಕಲ್ಲ. ತೆಂಗಿನ ಗರಿಯ ಚಾಪೆ ಹೆಣೆದು ಅದರ ಮೇಲೆ ಚೆಂಡು ಹೂವಲ್ಲಿ ಹೆಸರು ಬರೆದರೆ ಫೋಟೋದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಒಮ್ಮೆ ಮನೆಯಲ್ಲೇ ಮಾಡಿ ನೋಡಿ.

ಬಾಡದ ಸಾಮಾನು

ಬಾಗಿಲಿಗೆ ಬಾಳೆಕಂಬ ಎಲ್ಲರಿಗೂ ಗೊತ್ತು. ಗೊನೆ, ಮೂತಿ ಸಮೇತ ಜೋಡಿ ಕಂಬಕ್ಕೆ ಎಲೆ ಹರಿಯದೇ ಇರೋದು ಮುಖ್ಯ, ಅದಕ್ಕೆ ತೋಟದ ಒಳಸಾಲಿನ ಗಿಡ ಆರಿಸಿ. ಗಾಳಿ ಬಡಿಯೋ ಅಂಚಿನ ಸಾಲು ಬೇಡ. ಅಡಿಕೆ ಹೊಂಬಾಳೆಗೂ ಬೇಡಿಕೆ ಇದೆ. ಆದ್ರೆ ಒಂದು ಹೊಂಬಾಳೆ ಕಿತ್ತರೆ ಒಂದು ಗೊನೆ ಅಡಿಕೆ ಹೋಯ್ತು ಅಂತಲೇ ಅರ್ಥ. ಆ ಗೊನೆಯ ಬೆಲೆ ಸೇರಿಸಿಯೇ ರೇಟ್ ಹೇಳಿ, ಹೂವಿನ ರೇಟಿಗೆ ಕೊಟ್ಟರೆ ನಷ್ಟ.

ನನಗೆ ಇವಕ್ಕಿಂತ ಹೆಚ್ಚು ಇಷ್ಟ ಆಗೋದು ಒಣ ಸಾಮಾನು. ಭತ್ತದ ತೆನೆಯ ತೋರಣ, ರಾಗಿ ತೆನೆಯ ಗೊಂಚಲು, ಮುಸುಕಿನ ಜೋಳದ ತೆನೆ ಸಿಪ್ಪೆ ಹಿಂದಕ್ಕೆ ಸುಲಿದು ಜಡೆ ಹಾಕಿದ್ದು. ಕೊಯ್ಲಿನ ಹೊತ್ತಲ್ಲಿ ದಂಟು ಉದ್ದ ಬಿಟ್ಟು, ಕಾಳು ಪೂರ್ತಿ ಉದುರೋ ಹಂತಕ್ಕೆ ಮುಂಚೆ ಕೊಯ್ದು, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದರೆ ಬಣ್ಣ ಉಳಿಯುತ್ತೆ. ಕಾರ್ತಿಕ, ಮಾರ್ಗಶಿರದಲ್ಲಿ ಕಟ್ಟಿಟ್ಟ ಗೊಂಚಲು ವೈಶಾಖದ ಮದುವೆಗೂ ಬರುತ್ತೆ. ಇಲಿ ಕಾಟ ಒಂದು ನೋಡ್ಕೊಳ್ಳಬೇಕು. ಮದುವೆ ಮುಗಿದ ಮೇಲೆ ಅದನ್ನ ಗುಬ್ಬಿಗೆ ಅಂತ ಬಾಲ್ಕನಿಯಲ್ಲಿ ತೂಗುಹಾಕಬಹುದು ಅಂತ ಹೇಳಿ ನೋಡಿ, ರಾಜಾಜಿನಗರದ ಅಜ್ಜಿಯರು ಜಗಳ ಮಾಡಿ ಒಯ್ಯುತ್ತಾರೆ.

ರೇಷ್ಮೆ ಬೆಳೆಗಾರರಿಗೂ ಇಲ್ಲಿ ಜಾಗ ಇದೆ. ದೊಡ್ಡ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ, ಕೆಂಗೇರಿಯಿಂದ ನೇರ ರಸ್ತೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚೋಕೆ ಬರೋದಿಲ್ಲ. ಅದನ್ನೇ ದಳದ ಹಾಗೆ ಕತ್ತರಿಸಿ, ಬಣ್ಣ ಹಾಕಿ ಹಾರ ಕಟ್ಟುತ್ತಾರೆ. ವಧೂ-ವರರಿಗೆ ಹೂವಿನ ಹಾರವೇ ಇರಲಿ, ಬೀಗರಿಗೆ, ಗಣ್ಯರಿಗೆ ಹಾಕೋಕೆ ಗೂಡಿನ ಹಾರ ಚೆಂದ. ಮನೆಗೆ ಒಯ್ದು ದೇವರ ಪಟಕ್ಕೋ ತಾತನ ಫೋಟೋಗೋ ಹಾಕಿದರೆ ವರ್ಷಗಟ್ಟಲೆ ಇರುತ್ತೆ.

ದಿನ ಹಿಂದಕ್ಕೆ ಎಣಿಸಿ

ಹಸಿ ಹೂವಿಗೆ ಬರೋಣ. ಮದುವೆಗೆ ಹೂವು ಬೆಳೆಯೋನು ಕ್ಯಾಲೆಂಡರನ್ನ ಹಿಂದಿನಿಂದ ಮುಂದಕ್ಕೆ ಓದಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಛತ್ರ ಖಾಲಿ. ಉಳಿದ ತಿಂಗಳ ಲಗ್ನಗಳು ಪಂಚಾಂಗದಲ್ಲಿ ಯುಗಾದಿಗೇ ಗೊತ್ತಾಗಿಬಿಡುತ್ತೆ. ಚೆಂಡು ಹೂವು ನಾಟಿ ಆದ 55–60 ದಿನಕ್ಕೆ ಬಿಡಿಸೋಕೆ ಬರುತ್ತೆ, ಅದಕ್ಕೆ ಮುಂಚೆ ಸಸಿಮಡಿಯಲ್ಲಿ 25–30 ದಿನ. ಮೇ 10ಕ್ಕೆ ಮದುವೆ ಅಂದ್ರೆ ಮಾರ್ಚ್ ಮೊದಲ ವಾರದೊಳಗೆ ನಾಟಿ, ಫೆಬ್ರವರಿ ಮೊದಲ ವಾರದೊಳಗೆ ಟ್ರೇಗೆ ಬೀಜ. ಕುಡಿ ಚಿವುಟೋ ಅಭ್ಯಾಸ ಇದ್ದರೆ ಇನ್ನೂ ಒಂದು ವಾರ, ಹತ್ತು ದಿನ ಮುಂಚೆ ಶುರು ಮಾಡಿ, ಚಿವುಟಿದ ಗಿಡ ಹೂವಿಗೆ ತಡ ಮಾಡುತ್ತೆ.

ಸೇವಂತಿಗೆ ಹಾಗಲ್ಲ. ಅದು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟೋ ಗಿಡ. ಕಾರ್ತಿಕದ ಮದುವೆಗೆ ತಾನಾಗೇ ಸಿಗುತ್ತೆ, ಮಾಘಕ್ಕೆ ಬೇಕು ಅಂದ್ರೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ ಮೊಗ್ಗನ್ನ ತಡೆಹಿಡೀಬೇಕು. ಚಿಕ್ಕಬಳ್ಳಾಪುರದ ಕಡೆ ರೈತರು ಇದನ್ನ ಮಾಡ್ತಿದ್ದಾರೆ. ಕರೆಂಟು, ಬಲ್ಬಿನ ಖರ್ಚು ಲೆಕ್ಕ ಹಾಕದೆ ಕೈ ಹಾಕಬೇಡಿ.

ಹೊಸಬರಿಗೆ ನಾನು ಸುಗಂಧರಾಜ ಹೇಳ್ತೀನಿ. ಒಮ್ಮೆ ಗೆಡ್ಡೆ ನೆಟ್ಟರೆ ಎರಡು ಮೂರು ವರ್ಷ ಹೂವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳೇ ಇವೆ: ಹಾರಕ್ಕೆ ಒಂದು ಸುತ್ತಿನ ಎಸಳಿನ ಶೃಂಗಾರ್, ಪ್ರಜ್ವಲ್, ಹೂದಾನಿಗೆ ಕಡ್ಡಿ ಸಮೇತ ಕೊಡೋಕೆ ಸುತ್ತೆಸಳಿನ ಸುವಾಸಿನಿ, ವೈಭವ್. ಕಡ್ಡಿಯಲ್ಲಿ ಕೆಳಗಿನ ಒಂದು ಜೋಡಿ ಹೂವು ಬಿಚ್ಚಿದಾಗ ಕತ್ತರಿಸಿ ನೀರಿಗೆ ಇಟ್ಟರೆ ಉಳಿದದ್ದು ಛತ್ರದಲ್ಲಿ ಬಿಚ್ಚುತ್ತೆ. ಸಂಜೆ ಆರತಕ್ಷತೆಗೆ ಬಂದೋರಿಗೆ ಬಾಗಿಲಲ್ಲೇ ಘಮ ಹೊಡೀಬೇಕು. ಪ್ಲಾಸ್ಟಿಕ್ ಹೂವಿಗೆ ಸೆಂಟು ಹೊಡೆದರೂ ಈ ಘಮ ಬರೋದಿಲ್ಲ.

ಮೊಗ್ಗಿನ ಜಡೆ ಮಾತ್ರ ಬೇರೆಯೇ ಕೆಲಸ. ಬಾಳೆ ಪಟ್ಟೆಯನ್ನ ಜಡೆಯ ಅಳತೆಗೆ ಕತ್ತರಿಸಿ, ಅದರ ಮೇಲೆ ಒಂದೇ ಗಾತ್ರದ ಮಲ್ಲಿಗೆ ಅಥವಾ ಕಾಕಡ ಮೊಗ್ಗನ್ನ ಸೂಜಿಯಲ್ಲಿ ಸಾಲಾಗಿ ಹೊಲೀತಾ ಹೋಗಬೇಕು, ನಡುವೆ ಕನಕಾಂಬರ. ಇದನ್ನ ಕಟ್ಟಬಲ್ಲ ಹೆಂಗಸರು ಊರಲ್ಲಿ ಇನ್ನೂ ಇದ್ದಾರೆ, ನಿಮ್ಮ ಅಮ್ಮನನ್ನೋ ಚಿಕ್ಕಮ್ಮನನ್ನೋ ಕೇಳಿ. ಬೆಳಿಗ್ಗೆ ಸೂರ್ಯ ಬರೋ ಮುಂಚೆ ಬಿಡಿಸಿದ ಮಲ್ಲಿಗೆ ಮೊಗ್ಗು ಅವತ್ತು ಸಂಜೆಗೇ ಅರಳುತ್ತೆ. ಆರತಕ್ಷತೆಯ ಜಡೆಗೆ ಅದು ಸರಿಹೋಗುತ್ತೆ, ಮರುದಿನದ ಮುಹೂರ್ತಕ್ಕೆ ಹೋಗೋದಿಲ್ಲ. ಮುಹೂರ್ತದ ಜಡೆಯನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೆಳಗೆ ಐಸ್ ಇರೋ ಡಬ್ಬಿಯಲ್ಲಿ, ಐಸ್ ನೇರ ತಾಕದ ಹಾಗೆ ಇಡಬೇಕು. ಯಾವ ಹೂವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಡಿ, ಒಳಗೇ ಬಿಸಿಯಾಗಿ ಬೆಂದುಹೋಗುತ್ತೆ. ಬುಟ್ಟಿಗೆ ಬಾಳೆ ಎಲೆ ಹಾಸಿ ತುಂಬಿದರೆ ಸಾಕು.

ಕಳಿಸಿಕೊಡೋ ಹೊತ್ತು

ಬಂದೋರನ್ನ ಬೀಳ್ಕೊಡೋದು ತಾಂಬೂಲದ ಚೀಲದಲ್ಲಿ. ಎಲೆ, ಅಡಿಕೆ, ತೆಂಗಿನಕಾಯಿ ಎಲ್ಲಾ ರೈತನ ಮಾಲೇ. ಈಚೆಗೆ ಚೀಲದ ಜೊತೆ ಸಸಿ ಕೊಡೋದು ಶುರುವಾಗಿದೆ. ಒಳ್ಳೇದೇ, ಆದ್ರೆ ಬಸವೇಶ್ವರನಗರದ ಮೂರನೇ ಮಹಡಿಯಲ್ಲಿ ಇರೋರಿಗೆ ಮಾವಿನ ಸಸಿ ಕೊಟ್ಟು ಏನು ಪ್ರಯೋಜನ? ಅದು ಛತ್ರದ ಗೇಟಿನ ಹತ್ತಿರವೇ ಅನಾಥವಾಗಿ ಉಳಿಯುತ್ತೆ. ಕರಿಬೇವು, ತುಳಸಿ, ದೊಡ್ಡಪತ್ರೆ ಕೊಡಿ. ದೊಡ್ಡಪತ್ರೆಯಂತೂ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತೆ, ನಿಮಗೆ ಖರ್ಚೇ ಇಲ್ಲ. ಪ್ಲಾಸ್ಟಿಕ್ ಕವರ್ ಬದಲು ತೆಂಗಿನ ಚಿಪ್ಪು ಇಲ್ಲಾ ಸಣ್ಣ ಮಣ್ಣಿನ ಕುಂಡ. ಮಕ್ಕಳಿಗೆ ಚನ್ನಪಟ್ಟಣದ ಬೊಂಬೆ ಸೇರಿಸಿದರೆ ಚೀಲ ತುಂಬಿತು.

ಹೆಣ್ಣನ್ನ ಕಳಿಸಿಕೊಡೋದು ಬೇರೆ ಮಾತು. ಹೆಣ್ಣೊಪ್ಪಿಸೋ ಹೊತ್ತಿಗೆ ಡಿಜೆ, ಹೊಗೆ ಮೆಷಿನ್, ಕಾಗದದ ಚೂರು ಹಾರಿಸೋದು ನನಗಂತೂ ಹಿಡಿಸೋದಿಲ್ಲ. ಅಮ್ಮ ಅಳ್ತಾ ಇರ್ತಾಳೆ, ಪಕ್ಕದಲ್ಲಿ ಪಟಾಕಿ ಸದ್ದು. ಅಲ್ಲಿ ನಿಜವಾಗಿ ಇರೋದು ಮಡಿಲಕ್ಕಿ. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಬಳೆ. ನಗರದ ಮನೆಯವರು ಇದನ್ನ ಅಂಗಡಿಯಿಂದ ತಂದು ತುಂಬ್ತಾರೆ. ಅವರಲ್ಲಿ ಎಷ್ಟೋ ಜನರ ಅಜ್ಜನ ಊರು ಮಾಗಡಿಯೋ ಮಂಡ್ಯವೋ ಹಾಸನವೋ ಆಗಿರುತ್ತೆ. ಆ ಸೀಮೆಯ ರಾಜಮುಡಿ ಅಕ್ಕಿ, ಅಚ್ಚು ಬೆಲ್ಲ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಯಾವ ಊರಿನ ಯಾವ ಹೊಲದ್ದು ಅಂತ ಒಂದು ಚೀಟಿ ಬರೆದು ಕೊಟ್ಟರೆ ಅದರ ತೂಕವೇ ಬೇರೆ.

ಜೊತೆಗೆ ಒಂದು ಪುಟ್ಟ ಗಂಟು ತವರಿನ ಬೀಜ. ಮಾಗಡಿ ಸೀಮೆ ಸೊಗಡವರೆ, ಅಲಸಂದೆ, ಹೀರೆ, ಕುಂಬಳ. ಬೀಜ ಚೆನ್ನಾಗಿ ಒಣಗಿರಬೇಕು, ಒಂದಿಷ್ಟು ಒಲೆ ಬೂದಿ ಬೆರೆಸಿ, ಒಣ ಬೇವಿನೆಲೆ ಇಟ್ಟರೆ ಹುಳ ಹತ್ತೋದು ಕಡಿಮೆ. ಸೊಗಡವರೆ ಚಳಿಗಾಲಕ್ಕೇ ಕಾಯಿ ಬಿಡೋದು, ಟೆರೇಸಲ್ಲಿ ಯಾವಾಗ ಬೇಕಾದ್ರೂ ಬೆಳೀತೀನಿ ಅನ್ನೋರಿಗೆ ಹೆಬ್ಬಾಳ ಅವರೆ-4 ಕೊಡಿ, ಅದಕ್ಕೆ ಹಗಲಿನ ಲೆಕ್ಕ ಇಲ್ಲ. ಹೋದ ಮನೆಯ ಹಿತ್ತಲಲ್ಲಿ ತವರಿನ ಬಳ್ಳಿ ಹಬ್ಬೋದು ಕಲ್ಪನೆ ಮಾಡ್ಕೊಳ್ಳಿ. ಇಂಥ ಗಂಟು ಮಾರಾಟಕ್ಕೆ ಇಡೋ ರೈತ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ, ಜಾಗ ಖಾಲಿ ಇದೆ.

ಎತ್ತಿನಗಾಡಿಯಲ್ಲಿ ಹೆಣ್ಣು ಕಳಿಸಬೇಕು ಅಂತ ಕೇಳೋರೂ ಇದ್ದಾರೆ. ಒಳ್ಳೇ ಜೋಡಿ ಎತ್ತು ಇರೋರು ಒಪ್ಪಿಕೊಳ್ಳಬಹುದು, ಛತ್ರದ ಗೇಟಿನಿಂದ ಕಾರು ನಿಂತಿರೋ ತಿರುವಿನವರೆಗೆ ಮಾತ್ರ. ಕಾರ್ಡ್ ರಸ್ತೆ, ಮೈಸೂರು ರಸ್ತೆ ಹತ್ತಿಸಬೇಡಿ. ಮಧ್ಯಾಹ್ನದ ಟಾರು ಕಾದಿರುತ್ತೆ, ಲಾಳ ಹೊಸದಿರಲಿ, ಗಾಡಿಯ ಹತ್ತಿರ ಪಟಾಕಿ ಹಚ್ಚೋದಿಲ್ಲ ಅಂತ ಮೊದಲೇ ಮಾತಾಡಿ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ದಿಬ್ಬಣ ಕೂರಿಸೋದು ಕಾನೂನಿಗೆ ವಿರುದ್ಧ, ಏನಾದ್ರೂ ಆದ್ರೆ ವಿಮೆಯೂ ಬರೋದಿಲ್ಲ. ಅದಕ್ಕೆ ಒಪ್ಪಲೇಬೇಡಿ.

ದುಡ್ಡಿನ ಮಾತು ಗಟ್ಟಿಯಾಗಿರಲಿ. ಮಾರು, ಕೆ.ಜಿ., ಜೋಡಿ ಯಾವ ಲೆಕ್ಕ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ಅವರಿಂದ ‘ಒಪ್ಪಿಗೆ’ ಅಂತ ಉತ್ತರ ತಗೊಳ್ಳಿ. ಅರ್ಧ ಮುಂಗಡ, ಉಳಿದದ್ದು ಸಾಮಾನು ಇಳಿಸೋವಾಗ. ಮದುವೆ ಮುಗಿದ ಮೇಲೆ ಕೇಳೋಕೆ ಹೋದರೆ ಹುಡುಗಿ ಅಪ್ಪ ಸಿಗೋದಿಲ್ಲ. ವರಮಹಾಲಕ್ಷ್ಮಿ ಹಬ್ಬದ ವಾರಕ್ಕೆ ಬಿದ್ದ ಲಗ್ನಕ್ಕೆ ಮಾತ್ರ ಮೊದಲೇ ರೇಟ್ ಕಟ್ಟಬೇಡಿ, ಅವತ್ತು ಮಾರ್ಕೆಟ್ ಎಲ್ಲಿಗೆ ಹಾರುತ್ತೋ ಗೊತ್ತಿರಲ್ಲ.

ವಾಪಸ್ ಬರೋ ಟೆಂಪೋ ಖಾಲಿ ಬರೋದು ಬೇಡ. ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಬರೋ ಜಾಗಗಳು ಬೃಹತ್ ತ್ಯಾಜ್ಯ ಉತ್ಪಾದಕರು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು, ಹಸಿ ಕಸವನ್ನ ಎಲ್ಲಿಗೆ ಹಾಕೋದು ಅಂತ ಛತ್ರದವರಿಗೂ ತಲೆನೋವೇ. ಬಾಳೆಕಂಬ, ಗರಿ, ಹೂವು, ಊಟದ ಎಲೆ ತಗೊಂಡು ಹೋಗ್ತೀನಿ ಅಂದ್ರೆ ಮ್ಯಾನೇಜರ್ ಮುಂದಿನ ಮದುವೆಗೂ ನಿಮ್ಮ ನಂಬರ್ ಇಟ್ಟುಕೊಳ್ತಾನೆ. ಅದಕ್ಕೇ ಹೂವನ್ನ ಬಾಳೆ ನಾರು, ಹತ್ತಿ ದಾರದಲ್ಲೇ ಕಟ್ಟಿ. ತಂತಿ, ಹಸಿರು ಫೋಮ್ ಸೇರಿದ್ದು ಗೊಬ್ಬರದ ಗುಂಡಿಗೆ ಬರೋ ಹಾಗಿಲ್ಲ. ಸಾಗಿಸೋ ಮುಂಚೆ ಒಂದು ಸಲ ಕೈಯಾಡಿಸಿ ಬೇರೆ ಮಾಡಿ, ಎಲೆಗಳ ನಡುವೆ ನೀರಿನ ಬಾಟಲಿ ಮುಚ್ಚಳ ತುಂಬಾ ಸಿಗುತ್ತೆ.