ಸ್ಟ್ಯಾಟಿನ್ ಔಷಧಗಳು: ಗುಣ, ದೋಷ ಹಾಗೂ ಸೇವನಕ್ರಮ

ಪುಣೆಯ ಸಮೀಪದ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಗಿ, ಮರುವರ್ಷವೇ ಪೆನಿಸಿಲಿನ್ ತಯಾರಿಕೆಗೆ ತೊಡಗಿತು. ಬೂಷ್ಟಿನಿಂದ ಮದ್ದನ್ನು ಪಡೆಯುವ ವಿದ್ಯೆ ಹೀಗೆ ಈ ಊರಿನ ನೆರೆಯಲ್ಲಿ ಬೇರೂರಿತು. ಆ ಸಂಸ್ಥೆಯ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದವರು ಕನ್ನಡ ನಾಡಿನಲ್ಲಿ ಹುಟ್ಟಿದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್. ಶಿಲೀಂಧ್ರಗಳಿಂದ ಬರುವ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಅಲ್ಲಿಯೇ ದೊರಕಿತು. ಅದನ್ನು ಉತ್ಪಾದಿಸುವ ಸೂಕ್ಷ್ಮಜೀವಿಯ ಶಾಸ್ತ್ರೀಯ ನಾಮದಲ್ಲಿ ಪಿಂಪ್ರಿಯ ಹೆಸರು ಇಂದಿಗೂ ಉಳಿದಿದೆ.

ರಕ್ತದಲ್ಲಿಯ ಕೊಲೆಸ್ಟರಾಲನ್ನು ತಗ್ಗಿಸಲು ಇಂದು ಮನೆಮನೆಯಲ್ಲಿ ನುಂಗುವ ಸ್ಟ್ಯಾಟಿನ್ ಗುಳಿಗೆಯೂ ಮೂಲತಃ ಬೂಷ್ಟಿನ ಕೂಸೇ ಎಂಬುದು ಅನೇಕರಿಗೆ ತಿಳಿದಿರಲಾರದು. ಆದರೆ ಪೆನಿಸಿಲಿನ್ನಿಗೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಪೆನಿಸಿಲಿನ್ ತೆಗೆದುಕೊಂಡ ರೋಗಿಗೆ ಜ್ವರವಿಳಿದು ಗುಣ ಕಂಡುಬರುತ್ತದೆ. ಕೆಲವು ದಿನಗಳಲ್ಲಿ ಮದ್ದು ಮುಗಿಯುತ್ತದೆ. ಸ್ಟ್ಯಾಟಿನ್ನಿನ ಗುಣವಾದರೋ ಅನುಭವಕ್ಕೆ ಬರುವಂಥದಲ್ಲ. ಆಗಬಹುದಾಗಿದ್ದ ಹೃದಯಾಘಾತ ಆಗಲಿಲ್ಲವೆಂಬುದೇ ಅದರ ಫಲ. ಆಗದೆ ಹೋದುದನ್ನು ಕಂಡವರಾರು? ಇತ್ತ ಮೈಯಲ್ಲಿ ಕಾಣಿಸಿದ ಪ್ರತಿಯೊಂದು ನೋವನ್ನೂ ದಿನವೂ ನುಂಗುವ ಆ ಗುಳಿಗೆಯ ತಲೆಗೆ ಕಟ್ಟುವುದು ಸುಲಭ. ಗುಣ ಕಾಣದು, ದೋಷ ಮಾತ್ರ ಕಂಡಂತೆ ತೋರುವುದು. ಈ ಮದ್ದಿನ ವಿಷಯದಲ್ಲಿ ಜನರು ಎಡವುವುದು ಇಲ್ಲಿಯೇ.

ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ ಈ ಔಷಧದ ಜನಕ. 1971ರಿಂದ ಎರಡು ವರ್ಷಗಳ ಕಾಲ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ಮೇಲೆ, ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ-ಹಸಿರು ಬೂಷ್ಟೊಂದರಲ್ಲಿ 1973ರಲ್ಲಿ ಅವರಿಗೆ ಮೊದಲ ಸ್ಟ್ಯಾಟಿನ್ ದೊರಕಿತು. ಅದು ಪೆನಿಸಿಲಿನ್ನನ್ನು ಕೊಡುವ ಬೂಷ್ಟಿನ ಕುಲಕ್ಕೇ ಸೇರಿದುದು. ಇನ್ನೊಂದು ಬೂಷ್ಟಿನಿಂದ ಬಂದ ಲೋವಾಸ್ಟ್ಯಾಟಿನ್ನಿಗೆ 1987ರಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿತು. ನಮ್ಮಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಇವು ರಾಸಾಯನಿಕವಾಗಿ ಸಿದ್ಧಪಡಿಸಿದ ಅವುಗಳ ತಮ್ಮಂದಿರು.

ಕೊಲೆಸ್ಟರಾಲ್ ಸ್ವತಃ ವಿಷವಲ್ಲ. ಜೀವಕೋಶಗಳ ಪೊರೆಗೂ ಕೆಲವು ಹಾರ್ಮೋನುಗಳಿಗೂ ಅದು ಬೇಕೇ ಬೇಕು. ದೇಹದ ಅವಶ್ಯಕತೆಯ ಬಹುಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಯಕೃತ್ತಿನ ಪಾಲು ಹಿರಿದು. ಅದನ್ನು ಹೊತ್ತು ರಕ್ತದಲ್ಲಿ ಸಂಚರಿಸುವ ಎಲ್‌ಡಿಎಲ್ ಕಣಗಳು ಮಿತಿಮೀರಿದಾಗ ರಕ್ತನಾಳಗಳ ಗೋಡೆಯನ್ನು ಹೊಕ್ಕು ಗಂಟುಕಟ್ಟುತ್ತವೆ. ಸ್ಟ್ಯಾಟಿನ್ನು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ಉತ್ಪಾದನೆಗೆ ಅಗತ್ಯವಾದ ಒಂದು ಕಿಣ್ವವನ್ನು ತಡೆಯುತ್ತದೆ. ತನ್ನಲ್ಲಿ ಕೊರತೆ ಬಿದ್ದ ಯಕೃತ್ತು ರಕ್ತದಲ್ಲಿಯ ಎಲ್‌ಡಿಎಲ್ ಕಣಗಳನ್ನು ಹೆಚ್ಚುಹೆಚ್ಚಾಗಿ ಸೆಳೆದುಕೊಳ್ಳುತ್ತದೆ, ರಕ್ತ ತಿಳಿಯಾಗುತ್ತದೆ. ಯಕೃತ್ತು ಹೀಗೆ ಸೆಳೆದುಕೊಳ್ಳುವ ಬಗೆಯನ್ನು ಬೆಳಕಿಗೆ ತಂದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮದ್ದು ನಿಂತೊಡನೆ ಕಿಣ್ವ ಮತ್ತೆ ಕೆಲಸಕ್ಕೆ ತೊಡಗಿ, ಕೆಲವೇ ವಾರಗಳಲ್ಲಿ ಕೊಲೆಸ್ಟರಾಲ್ ಮೊದಲಿನ ಮಟ್ಟಕ್ಕೆ ಏರುತ್ತದೆ. ಆದಕಾರಣ 'ವರದಿ ಸರಿಯಾಗಿದೆ, ಇನ್ನು ಗುಳಿಗೆ ಏತಕ್ಕೆ?' ಎಂದು ಬಿಡುವುದು, ಮಳೆಯಲ್ಲಿ ತಲೆ ನೆನೆದಿಲ್ಲವೆಂದು ಕೊಡೆಯನ್ನು ಮಡಚಿದಂತೆ.

ಇದರ ಉಪಯೋಗದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಹೃದ್ರೋಗವಿದ್ದ 4,444 ಜನರ ಮೇಲೆ ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಐದು ವರ್ಷಗಳಿಗೆ ಮಿಕ್ಕಿದ ಅವಧಿಯಲ್ಲಿ, ಹುಸಿಗುಳಿಗೆ ಪಡೆದವರಲ್ಲಿ 256 ಜನರೂ ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ 182 ಜನರೂ ಮೃತರಾದರು.

'ಬೊಜ್ಜಿನವರಿಗೆ ಬೇಕು, ಬಡಕಲು ಮೈಯವರಿಗೇಕೆ?' ಎಂಬ ಆಕ್ಷೇಪಣೆಗೆ ಪುಣೆಯಲ್ಲಿಯೇ ಉತ್ತರ ಸಿದ್ಧವಿದೆ. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕ ಡಾ. ಸಿ. ಎಸ್. ಯಾಜ್ಞಿಕರು ಇಂಗ್ಲೆಂಡಿನ ತಮ್ಮ ಸಹೋದ್ಯೋಗಿಯೊಬ್ಬರೊಡನೆ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ಮುಂದಿಟ್ಟರು. ಎತ್ತರಕ್ಕೆ ತೂಕದ ಪ್ರಮಾಣ ಇಬ್ಬರಲ್ಲಿಯೂ ಒಂದೇ, 22.3, ಆದರೆ ಆಂಗ್ಲರ ಮೈಯಲ್ಲಿ ಕೊಬ್ಬು ಶೇಕಡಾ 9.1, ಭಾರತೀಯರ ಮೈಯಲ್ಲಿ ಶೇಕಡಾ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೂ ಕೊಬ್ಬು ಅಡಗಿರುವುದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಆದುದರಿಂದ ಕನ್ನಡಿಯನ್ನಲ್ಲ, ರಕ್ತಪರೀಕ್ಷೆಯನ್ನು ನಂಬಬೇಕು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಡೆಸಿಲೀಟರು ರಕ್ತದಲ್ಲಿ ಎಲ್‌ಡಿಎಲ್ ಸಾಮಾನ್ಯರಿಗೆ 100 ಮಿಲಿಗ್ರಾಮಿಗಿಂತಲೂ, ಹೆಚ್ಚು ಅಪಾಯವಿದ್ದವರಿಗೆ 70ಕ್ಕಿಂತಲೂ, ಹೃದಯಾಘಾತವಾದವರಂಥ ಅತಿ ಹೆಚ್ಚು ಅಪಾಯದವರಿಗೆ 55ಕ್ಕಿಂತಲೂ ಕಡಿಮೆಯಿರಬೇಕು.

ಇನ್ನು ದೋಷಗಳ ವಿಚಾರ. ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಅಂಜಿಸುವುದು ಸ್ನಾಯುಗಳ ನೋವು. ಹುಸಿಗುಳಿಗೆಯೊಡನೆ ಹೋಲಿಸಿ ನಡೆಸಿದ 19 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ 1,23,940 ಜನರ ಲೆಕ್ಕವಿದೆ. ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸ್ನಾಯುಗಳ ನೋವನ್ನೋ ನಿಶ್ಶಕ್ತಿಯನ್ನೋ ಹೇಳಿಕೊಂಡವರು ಶೇಕಡಾ 27.1, ಹುಸಿಗುಳಿಗೆಯವರಲ್ಲಿ ಶೇಕಡಾ 26.6. ಎಂದರೆ ನೋವು ದಿಟವಾದರೂ ಅದರ ಕಾರಣ ಬಹುಮಟ್ಟಿಗೆ ಬೇರೆ. ಲಂಡನ್ನಿನಲ್ಲಿ 2020ರಲ್ಲಿ ಹೊರಬಂದ ಇನ್ನೊಂದು ಪ್ರಯೋಗ ಇನ್ನೂ ಕುತೂಹಲಕರ. ನೋವಿನ ಕಾರಣದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷದುದ್ದಕ್ಕೂ ಕೆಲವು ತಿಂಗಳು ನಿಜಗುಳಿಗೆ, ಕೆಲವು ತಿಂಗಳು ಹುಸಿಗುಳಿಗೆ, ಕೆಲವು ತಿಂಗಳು ಏನೂ ಇಲ್ಲದ ಬರಿಯ ಡಬ್ಬಿ, ಹೀಗೆ ಕೊಡಲಾಯಿತು. ನಿಜಗುಳಿಗೆಯಿಂದಾದ ಬಾಧೆಯ ಶೇಕಡಾ 90ರಷ್ಟು ಹುಸಿಗುಳಿಗೆಯಿಂದಲೂ ಆಗಿತ್ತು! ಇದನ್ನರಿತ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಔಷಧಕ್ಕೆ ತೊಡಗಿದರು.

ಹಾಗೆಂದು ದೋಷವೇ ಇಲ್ಲವೆಂದು ತಿಳಿಯುವುದೂ ಅಷ್ಟೇ ತಪ್ಪು. ಸ್ನಾಯುಗಳು ಕರಗಿ ಮೂತ್ರಪಿಂಡಗಳಿಗೆ ಧಕ್ಕೆ ತರುವ ಘೋರ ಸ್ಥಿತಿ ಅತಿ ವಿರಳವಾದರೂ ಸುಳ್ಳಲ್ಲ. ಸೆರಿವಾಸ್ಟ್ಯಾಟಿನ್ ಎಂಬ ಔಷಧವು ಈ ಕಾರಣದಿಂದಲೇ ಹಲವರ ಮರಣಕ್ಕೆ ಕಾರಣವಾಗಿ, 2001ರಲ್ಲಿ ಪೇಟೆಯಿಂದ ಹಿಂತೆಗೆಯಲ್ಪಟ್ಟಿತು. ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಮದ್ದಿನೊಡನೆ ಅದನ್ನು ಕೂಡಿಸಿದಾಗ ಅಪಾಯವು ಹಲವು ಪಟ್ಟು ಹೆಚ್ಚಿತ್ತು. ಎರಡೂ ತೊಡೆ, ಎರಡೂ ತೋಳುಗಳಲ್ಲಿ ತೀವ್ರವಾದ ನೋವು, ಕುಳಿತಲ್ಲಿಂದ ಏಳಲಾಗದ ನಿಶ್ಶಕ್ತಿ, ಕಪ್ಪು ಚಹದ ಬಣ್ಣದ ಮೂತ್ರ—ಇವು ಕಂಡಲ್ಲಿ ಗುಳಿಗೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣತಕ್ಕದ್ದು. ಕಣ್ಣು ಹಳದಿಯಾದರೆ ಯಕೃತ್ತಿನ ಪರೀಕ್ಷೆಗೆ ತಡಮಾಡಬಾರದು. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ಕೊಲೆಸ್ಟರಾಲೂ ಏರುತ್ತದೆ, ಸ್ನಾಯುಗಳೂ ನೋಯುತ್ತವೆ; ಆದುದರಿಂದ ಅದನ್ನು ಮೊದಲೇ ನೋಡಿಕೊಳ್ಳುವುದು ಲೇಸು. ಬಸುರಿಯರೂ ಮೊಲೆಯುಣಿಸುವ ತಾಯಂದಿರೂ ವೈದ್ಯರ ವಿಶೇಷ ಸಲಹೆಯಿಲ್ಲದೆ ಈ ಔಷಧವನ್ನು ಸೇವಿಸಕೂಡದು. ಸಕ್ಕರೆ ರೋಗದ ಸಂಭವವನ್ನು ಇದು ತುಸು ಹೆಚ್ಚಿಸುವುದು ನಿಜ: 2010ರ ಲೆಕ್ಕದಂತೆ 255 ಜನರು ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚಾಗಿ ಆ ರೋಗ ತಗಲುತ್ತದೆ. ಹೃದಯದ ಅಪಾಯವಿದ್ದವನಿಗೆ ಲಾಭದ ತಕ್ಕಡಿಯೇ ತೂಗುವುದಾದರೂ, ರಕ್ತದ ಸಕ್ಕರೆಯನ್ನು ಆಗಾಗ ನೋಡಿಸುತ್ತಿರಬೇಕು.

ನಿಜವಾದ ಅಪಾಯವು ಒಂಟಿ ಗುಳಿಗೆಗಿಂತ ಗುಳಿಗೆಗಳ ಕೂಟದಲ್ಲಿಯೇ ಹೆಚ್ಚು. ಕೆಮ್ಮು-ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್, ಗಜಕರ್ಣಕ್ಕೆ ನುಂಗುವ ಇಟ್ರಾಕೊನಜೋಲ್ ಇವು ಕೆಲವು ಸ್ಟ್ಯಾಟಿನ್ನುಗಳನ್ನು, ಮುಖ್ಯವಾಗಿ ಸಿಮ್ವಾಸ್ಟ್ಯಾಟಿನ್ನನ್ನು, ದೇಹವು ಕರಗಿಸದಂತೆ ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಅದೇ ಕೆಲಸ ಮಾಡುತ್ತದೆ. ಅದರ ಬಂಧುವಾದ ನಮ್ಮ ಚಕ್ಕೋತದಲ್ಲಿಯೂ ಅಂಥ ವಸ್ತುಗಳಿರುವುದರಿಂದ ಮಿತಿ ಅವಶ್ಯ. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಸಿಮ್ವಾಸ್ಟ್ಯಾಟಿನ್ 20 ಮಿಲಿಗ್ರಾಮನ್ನು ಮೀರಬಾರದು. ರೋಸುವಾಸ್ಟ್ಯಾಟಿನ್ ನಮ್ಮಂಥ ಏಷ್ಯದವರ ರಕ್ತದಲ್ಲಿ ಹೆಚ್ಚಾಗಿ ಸೇರುವುದರಿಂದ 5 ಮಿಲಿಗ್ರಾಮಿನಿಂದ ಆರಂಭಿಸಬೇಕೆಂದು ಅಮೆರಿಕದ ಔಷಧಪತ್ರಿಕೆಯಲ್ಲಿಯೇ ಸೂಚನೆಯಿದೆ. ಪ್ರಮಾಣವನ್ನು ಇಮ್ಮಡಿಸಿದರೆ ಎಲ್‌ಡಿಎಲ್ ಮತ್ತೆ ಇಳಿಯುವುದು ಶೇಕಡಾ 6ರಷ್ಟು ಮಾತ್ರ. 'ಹೆಚ್ಚು ನುಂಗಿದರೆ ಹೆಚ್ಚು ಗುಣ' ಎಂಬುದು ಇಲ್ಲಿ ಸಲ್ಲದ ಮಾತು. ಸಿಮ್ವಾಸ್ಟ್ಯಾಟಿನ್ನನ್ನು ರಾತ್ರಿಯೇ ಸೇವಿಸಬೇಕು. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳಿಗೆ ಹೊತ್ತಿನ ಕಟ್ಟಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಲಾಗದು. ಆರಂಭಿಸಿದ ನಾಲ್ಕರಿಂದ ಹನ್ನೆರಡು ವಾರಗಳೊಳಗೆ ರಕ್ತವನ್ನು ಮತ್ತೆ ಪರೀಕ್ಷಿಸಿ, ಫಲ ಬಂದಿದೆಯೋ ಇಲ್ಲವೋ ನೋಡತಕ್ಕದ್ದು.

ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳಿಗೆ ಇಲ್ಲಿ ಇನ್ನೊಂದು ತೊಡಕುಂಟು. ಧಾರವಾಡದಲ್ಲಿಯೋ ವಿಜಯಪುರದಲ್ಲಿಯೋ ಇರುವ ತಂದೆತಾಯಿಗಳು ಮಗನ ಮನೆಗೆಂದು ಪುಣೆಗೆ ಬರುತ್ತಾರೆ. ಊರಿನ ವೈದ್ಯರು ಬರೆದುಕೊಟ್ಟ ಗುಳಿಗೆ ಚೀಲದಲ್ಲಿರುತ್ತದೆ. ಇಲ್ಲಿಯ ವೈದ್ಯರು ಮತ್ತೊಂದನ್ನು ಬರೆಯುತ್ತಾರೆ. ಕಂಪನಿಯ ಹೆಸರು ಬೇರೆ, ಒಳಗಿನ ಮದ್ದು ಒಂದೇ. ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಯಿತು. ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ್ಯಸ್ಪಿರಿನ್ನನ್ನೂ ಅದೇ ಗುಳಿಗೆಯಲ್ಲಿ ಕೂಡಿಸಿರುವುದರಿಂದ ಅದೂ ಇಮ್ಮಡಿಯಾಗಬಹುದು. ಮೇಲಾಗಿ, ಭಾಷೆಯ ಅಡ್ಡಿ. 'ಮೈಕೈ ನೋವು' ಎಂದು ಹಿರಿಯರು ಹೇಳಿದುದು ದಣಿವಿನ ನೋವೋ, ಕೀಲಿನ ನೋವೋ, ತೊಡೆಯ ಮಾಂಸಖಂಡದ ನೋವೋ ಎಂಬುದು ಮರಾಠಿ ಅಥವಾ ಇಂಗ್ಲಿಷಿಗೆ ಬರುವಷ್ಟರಲ್ಲಿ ಕಳೆದುಹೋಗುತ್ತದೆ. ವೈದ್ಯರಿಗೆ ಬೇಕಾದುದು ಆ ಭೇದವೇ.

ಪರಿಹಾರ ಸುಲಭ. ಗುಳಿಗೆಪಟ್ಟಿಯ ಮೇಲೆ ಕಂಪನಿಯ ಹೆಸರಿನೊಡನೆ ಮೂಲ ಮದ್ದಿನ ಹೆಸರೂ ಮಿಲಿಗ್ರಾಮಿನ ಲೆಕ್ಕವೂ ಮುದ್ರಿತವಾಗಿರುತ್ತವೆ. 'ಸ್ಟ್ಯಾಟಿನ್' ಎಂದು ಕೊನೆಗೊಳ್ಳುವ ಹೆಸರು ಎರಡು ಪಟ್ಟಿಗಳಲ್ಲಿ ಕಂಡರೆ ಕೂಡಲೆ ಕೇಳಬೇಕು. ಆದರೆ ನಿಸ್ಟ್ಯಾಟಿನ್ ಎಂಬುದು ಬೂಷ್ಟುರೋಗದ ಮದ್ದು, ಈ ಗುಂಪಿನದಲ್ಲ. ಮನೆಯ ಹಿರಿಯರು ನುಂಗುವ ಎಲ್ಲ ಮದ್ದುಗಳ ಮೂಲ ಹೆಸರು, ಪ್ರಮಾಣ, ಹೊತ್ತು, ಆರಂಭಿಸಿದ ತಿಂಗಳು, ಇವನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಅವರ ಚೀಲದಲ್ಲಿಡಬೇಕು. ನೋವು ಬಂದರೆ ಎಲ್ಲಿ, ಎಂದಿನಿಂದ, ಎರಡೂ ಕಡೆಗೋ ಒಂದೇ ಕಡೆಗೋ ಎಂಬುದನ್ನು ಅವರ ಮಾತಿನಲ್ಲಿಯೇ ಕೇಳಿ ಬರೆದುಕೊಂಡು ವೈದ್ಯರಿಗೆ ತಿಳಿಸಬೇಕು. ಒಂದು ಸ್ಟ್ಯಾಟಿನ್ ಒಗ್ಗದಿದ್ದರೆ ಇನ್ನೊಂದುಂಟು, ಪ್ರಮಾಣವನ್ನು ಇಳಿಸಬಹುದು, ಎಜೆಟಿಮೈಬಿನಂಥ ಬೇರೆ ಮದ್ದನ್ನು ಕೂಡಿಸಬಹುದು. ಯಾರಿಗೂ ಹೇಳದೆ ಗುಳಿಗೆ ಬಿಟ್ಟವನಿಗೆ ಈ ದಾರಿಗಳಾವುವೂ ತೆರೆಯುವುದಿಲ್ಲ.