ಕಲ್ಲಿನ ಮೇಲೆ ಹೆಸರು: ಮಲ್ಲಿತಮ್ಮನದೂ ಹೈಸ್ಕೂಲು ಹುಡುಗನದೂ

ತಲಕಾಡಿನಲ್ಲಿ ಮರಳು ತುಳಿಯುತ್ತ ಪಂಚಲಿಂಗಗಳ ದಾರಿ ಹಿಡಿದರೆ ದೇವರಿಗಿಂತ ಮೊದಲು ಹೆಸರುಗಳು ಎದುರಾಗುತ್ತವೆ. ಮರದ ಬೊಡ್ಡೆ, ಸಿಮೆಂಟು ಕಟ್ಟೆ, ಎಲ್ಲಿ ಮೊಳೆ ನಾಟೀತೋ ಅಲ್ಲೆಲ್ಲ ಎರಡು ಅಕ್ಷರ, ನಡುವೊಂದು ಪ್ಲಸ್ಸು, ಸುತ್ತ ಬಾಣ ಚುಚ್ಚಿಸಿಕೊಂಡ ಹೃದಯ. ಶಾಲಾ ಪ್ರವಾಸದ ಬಸ್ಸು ನಿಲ್ಲುವ ಕಡೆಯೆಲ್ಲ ಇದೇ ಕಥೆ. ಹಿರಿಯರು ಕಂಡರೆ 'ಪುಂಡು ಮುಂಡೇವು' ಎಂದು ಬೈಯುತ್ತಾರೆ. ಮೊಬೈಲಿನಲ್ಲಿ ಬೀದಿಗೋಡೆಯ ಕಲಾವಿದ ಬ್ಯಾಂಕ್ಸಿಯ ಚಿತ್ರ ನೋಡಿದ ಹುಡುಗರು 'ಗ್ರಾಫಿಟಿ ಸಾರ್, ಅದೂ ಆರ್ಟೇ' ಎನ್ನುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಪೊಳ್ಳೇ ಜಾಸ್ತಿ.

ತಪ್ಪು ಕಲ್ಪನೆ: 'ಹಳೇ ಕಾಲದ ಶಿಲ್ಪಿಗಳೂ ಹೆಸರು ಕೊರೆದಿಲ್ಲವಾ?'

ಹುಡುಗರ ವಾದಗಳಲ್ಲಿ ಇದು ಜಾಣ ವಾದ. ಸುಮ್ಮನೆ ತಳ್ಳಿಹಾಕುವಂತಿಲ್ಲ. ಇದೇ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ ಕೇಶವ ದೇವಾಲಯದ ಹೊರಗೋಡೆಯ ಮೂರ್ತಿಗಳ ಪಾದದ ಕೆಳಗೆ ಬಗ್ಗಿ ನೋಡಿ. ಪೀಠದ ಅಂಚಿನಲ್ಲಿ ಸಣ್ಣ ಹಳೆಯ ಕನ್ನಡ ಅಕ್ಷರಗಳಲ್ಲಿ ಮಲ್ಲಿತಮ್ಮ ಎಂದಿದೆ. ಮಸಣಿತಮ್ಮ, ಚೌಡೆಯ ಮುಂತಾದವರ ಹೆಸರೂ ಸಿಗುತ್ತವೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ ಗುಡಿ ಅದು. ಆದರೆ ಮಲ್ಲಿತಮ್ಮ ಹೆಸರು ಹಾಕಿದ್ದು ತಾನೇ ಕಡೆದ ಮೂರ್ತಿಗೆ, ಅದೂ ಮೂರ್ತಿಯ ಮೈಮೇಲಲ್ಲ, ಕಾಲಬುಡದಲ್ಲಿ. ಅದು ಮಾಡಿದ ಕೆಲಸಕ್ಕೆ ಹಾಕಿದ ರುಜು.

ಶ್ರವಣಬೆಳಗೊಳದ ಉದಾಹರಣೆ ಇನ್ನೂ ತೊಡಕಿನದು. ಅಲ್ಲಿನ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಶತಮಾನಗಳ ಹಿಂದಿನ ಯಾತ್ರಿಕರು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಅವುಗಳಲ್ಲಿ 'ಕವಿರತ್ನ' ಎಂಬುದೂ ಒಂದು, ಅದು ಕವಿ ರನ್ನನದೇ ಎಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ರನ್ನ ಮಾಡಿದ್ದು ಸರಿ, ಹತ್ತನೇ ಕ್ಲಾಸಿನ ಹುಡುಗ ಮಾಡಿದ್ದು ತಪ್ಪೇ? ಯಾತ್ರಿಕರು ಬರೆದದ್ದು ಬರಿ ಬಂಡೆಯ ಮೇಲೆ. ಇನ್ನೊಬ್ಬ ಕಡೆದ ಮುಖದ ಮೇಲೆ, ಇನ್ನೊಬ್ಬ ಬರೆಸಿದ ಶಾಸನದ ಸಾಲಿನ ಮೇಲೆ ಕೊರೆದರೆ ಅಲ್ಲಿ ಮೊದಲೇ ಇದ್ದದ್ದು ಹಾಳಾಗುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಹಳೆಯ ಗೀಚುಗಳೆಲ್ಲ ಪವಿತ್ರವಾಗಿಬಿಡುವುದಿಲ್ಲ ಎಂಬುದನ್ನೂ ಒಪ್ಪಬೇಕು.

ತಪ್ಪು ಕಲ್ಪನೆ: 'ಒರೆಸಿದರೆ ಹೋಗುತ್ತೆ, ಅದಕ್ಕೇನೀಗ?'

ಸೋಮನಾಥಪುರದ ಕಲ್ಲು ಬಳಪದ ಕಲ್ಲು. ಅಗೆದು ತೆಗೆದಾಗ ಮೆತ್ತಗಿದ್ದು ಗಾಳಿ ತಾಗುತ್ತ ಗಟ್ಟಿಯಾಗುವುದರಿಂದಲೇ ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಆಯಿತು. ಈ ಕಲ್ಲಿನಲ್ಲಿರುವ ಟಾಲ್ಕ್ ಎಂಬ ಖನಿಜ ಗಡಸುತನದ ಮೋಹ್ಸ್ ಮಾಪಕದಲ್ಲಿ ತೀರಾ ಕೆಳಗಿನ 1ನೇ ಸ್ಥಾನದ್ದು. ಗಟ್ಟಿಯಾದ ಮೇಲೂ ಬೈಕಿನ ಕೀ ತುದಿಗೆ ಇದು ಸುಲಭದ ತುತ್ತು. ಕೊರೆದ ಗೀರು ಎಂದರೆ ಅಷ್ಟು ಕಲ್ಲು ಹೋಯಿತೆಂದೇ ಲೆಕ್ಕ. ಗೀರು ಕಾಣದಂತೆ ಮಾಡಲು ಸುತ್ತಲಿನ ಕಲ್ಲನ್ನೂ ಅದೇ ಆಳಕ್ಕೆ ಉಜ್ಜಬೇಕು, ಅಂದರೆ ಶಿಲ್ಪವನ್ನೇ ಸವೆಸಬೇಕು. ಬಣ್ಣದ ಪಾಡೂ ಅಷ್ಟೇ: ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದ ಎನಾಮಲ್ ತೆಗೆಯಲು ರಾಸಾಯನಿಕ ಹಚ್ಚಿ ಮೆಲ್ಲಗೆ ಎಬ್ಬಿಸಬೇಕು, ಆಗಲೂ ಕಲೆ ಉಳಿಯಬಹುದು.

ತಪ್ಪು ಕಲ್ಪನೆ: 'ಎಲ್ಲಾ ಈಗಿನ ಕಾಲದ ಹುಡುಗರ ಕೆಲಸ'

1819ರಲ್ಲಿ ಅಜಂತಾದ 10ನೇ ಗುಹೆಯ ಚಿತ್ರದ ಮೇಲೆ ತನ್ನ ಹೆಸರು, ತಾರೀಖು ಗೀಚಿದ ಜಾನ್ ಸ್ಮಿತ್ ಮೀಸೆ ಮೂಡದ ಹುಡುಗನಲ್ಲ, ಬೇಟೆಗೆ ಬಂದಿದ್ದ ಬ್ರಿಟಿಷ್ ಸೇನಾಧಿಕಾರಿ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ಎದ್ದು ಕಾಣುವ 'ಸೇವಾರ್ಥ' ಬರೆಸುವವರೂ, ಸೇತುವೆಯ ಕಂಬಕ್ಕೆ ಟ್ಯೂಷನ್ ಸೆಂಟರಿನ ಫೋನ್ ನಂಬರ್ ಬಳಿಸುವವರೂ ಮತದಾನದ ವಯಸ್ಸು ದಾಟಿದವರೇ. ಹದಿಹರೆಯದವರು ಮಾಡುವುದೇ ಇಲ್ಲವೆಂದಲ್ಲ. 2013ರಲ್ಲಿ ಈಜಿಪ್ಟಿನ ಲಕ್ಸರ್ ದೇವಾಲಯದ ಉಬ್ಬುಶಿಲ್ಪದ ಮೇಲೆ ಹೆಸರು ಕೊರೆದವನು ಚೀನಾದ 15ರ ಹುಡುಗ. ಫೋಟೊ ಅಂತರ್ಜಾಲದಲ್ಲಿ ಹರಿದಾಡಿ, ಕೊನೆಗೆ ಅಪ್ಪ ಅಮ್ಮ ಎಲ್ಲರೆದುರು ಕ್ಷಮೆ ಕೇಳಬೇಕಾಯಿತು.

ತಪ್ಪು ಕಲ್ಪನೆ: 'ಮೈನರು, ಏನೂ ಮಾಡೋಕಾಗಲ್ಲ'

ಸಂರಕ್ಷಿತ ಸ್ಮಾರಕಗಳ ಮುಂದಿನ ನೀಲಿ ಬೋರ್ಡನ್ನು ಓದುವವರು ಕಡಿಮೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. 18 ತುಂಬದವರು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. 2015ರ ಕಾಯ್ದೆಯಂತೆ ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಅಪ್ಪ ಅಮ್ಮನಿಂದ ದಂಡವನ್ನೂ ಕಟ್ಟಿಸಬಹುದು.

ತಪ್ಪು ಕಲ್ಪನೆ: 'ಚೆನ್ನಾಗಿದ್ದರೆ ಕಲೆ, ಕೆಟ್ಟದಾಗಿದ್ದರೆ ಪುಂಡಾಟ'

ನನಗೆ ಎಲ್ಲಕ್ಕಿಂತ ಕಿರಿಕಿರಿ ಹುಟ್ಟಿಸುವ ಮಾತು ಇದು. ಯಾರದೋ ಮನೆ ಗೋಡೆಗೆ ಕೇಳದೆ ಬಿಡಿಸಿದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಆ ಮನೆಯವರಿಗೆ ಸುಣ್ಣದ ಖರ್ಚೇ. ಒಪ್ಪಿಗೆ ಪಡೆದು ಬರೆದದ್ದು ಕಳಪೆಯಾಗಿರಬಹುದು, ಆದರೆ ಅಪರಾಧವಲ್ಲ. 2009ರಲ್ಲಿ ಬೆಂಗಳೂರಿನ ಪಾಲಿಕೆ ಸಿನಿಮಾ ಬೋರ್ಡು ಬರೆಯುತ್ತಿದ್ದ ಕಲಾವಿದರ ಕೈಯಲ್ಲಿ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಕೆಲವು ಹುಲಿಗಳ ಮುಖ ನೋಡಿ ನಗು ಬಂದದ್ದುಂಟು. ಆದರೂ ಅವರನ್ನು ಪುಂಡರೆಂದು ಯಾರೂ ಕರೆಯಲಿಲ್ಲ.

ಈ ಎರಡು ಖಾನೆಗೂ ಸರಿಯಾಗಿ ಕೂರದವರು ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ತಂದಿಟ್ಟರು. 2019ರಲ್ಲಿ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದ ನಟನನ್ನು ನಡೆಸಿ ಚಂದ್ರನ ನೆಲವೆಂದು ನಂಬಿಸಿದರು. ಎರಡೂ ಸಲ ಪಾಲಿಕೆಯವರು ಓಡಿಬಂದು ರಿಪೇರಿ ಮಾಡಿದರು. ಹಾಳಾಗಿದ್ದನ್ನು ಅವರು ಎತ್ತಿ ತೋರಿಸಿದರೇ ಹೊರತು ಇದ್ದದ್ದನ್ನು ಹಾಳು ಮಾಡಲಿಲ್ಲ.

ಕೈ ತುರಿಸುವ ಹುಡುಗರಿಗೆ ಗೋಡೆಗಳಿಗೇನೂ ಬರವಿಲ್ಲ. ಸರ್ಕಾರಿ ಶಾಲೆಯ ಕಾಂಪೌಂಡಾದರೆ ಹೆಡ್‌ಮಾಸ್ಟರನ್ನೂ ಎಸ್‌ಡಿಎಂಸಿಯವರನ್ನೂ ಕೇಳಬೇಕು, ಪಂಚಾಯಿತಿ ಕಟ್ಟಡವಾದರೆ ಪಿಡಿಒಗೆ ಅರ್ಜಿ ಬರೆಯಬೇಕು. ಅರ್ಜಿಯ ಜೊತೆ ಕಾಗದದ ಮೇಲೊಂದು ಮಾದರಿ ಚಿತ್ರ ಲಗತ್ತಿಸಿದರೆ 'ಆಗಲ್ಲ' ಎನ್ನುವವರೂ ಒಂದು ಗಳಿಗೆ ಯೋಚಿಸುತ್ತಾರೆ.